ಗಣಪತಿಯ ಮುಂದೆ ಇಟ್ಟ ಪ್ಯಾಕೆಟ್

ಈ ಸಲದ ಚೌತಿಗೆ ನನ್ನ ಹೆಂಡತಿಯ ತವರಿನ ಗಣಪತಿಯ ಮುಂದೆ, ಚಕ್ಕುಲಿ ಮತ್ತು ಪಂಚಕಜ್ಜಾಯದ ನಡುವೆ, ದೊಡ್ಡವರು ಹಾಕಿಕೊಳ್ಳುವ ಡೈಪರಿನ ಒಂದು ಪ್ಯಾಕೆಟ್ ಇತ್ತು.

ಇಟ್ಟವರಿಗೆ ಅದು ಏನೆಂದು ಗೊತ್ತಿರಲಿಲ್ಲ. ತಂದವನಿಗೆ ಚೆನ್ನಾಗಿ ಗೊತ್ತಿತ್ತು... ತಂದವನು ನಾನೇ.

ನನ್ನ ಹೆಂಡತಿ ಸುಮಿತ್ರಾಗೆ ಡಿಮೆನ್ಶಿಯಾ. ಹೆಸರುಗಳು ಹೋದವು, ಅಡುಗೆ ಹೋಯಿತು, ಕಳೆದ ವರ್ಷದಿಂದ ರಾತ್ರಿ ಹಾಸಿಗೆ ಒದ್ದೆಯಾಗುತ್ತಿದೆ.

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಸಂಜೆಯ ಚಹಾ ಕಡಿಮೆ ಮಾಡಿ, ಮಲಗುವ ಮೊದಲು ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ದಾರಿಯಲ್ಲಿ ಒಂದು ದೀಪ ಉರಿಯಲಿ, ಬೆಡ್‌ಶೀಟಿನ ಕೆಳಗೆ ರಬ್ಬರ್ ಶೀಟು ಹಾಸಿ.

ನಾನು ಚಹಾದ ಜೊತೆ ನೀರನ್ನೂ ನಿಲ್ಲಿಸಿಬಿಟ್ಟೆ. ಊರಿಗೆ ಕುಡಿಯುವ ನೀರು ಕೊಡಿ ಎಂದು ಧರಣಿ ಕೂತವನು ಸ್ವಂತ ಮನೆಯಲ್ಲಿ ಹೆಂಡತಿಗೆ ನೀರು ಬಂದ್ ಮಾಡಿದ್ದೆ. ಡಾಕ್ಟರು ಬೈದ ಮೇಲೆ ಸರಬರಾಜು ಪುನಃ ಶುರುವಾಯಿತು.

ನನ್ನ ಪರಿಚಯ ಇದ್ದವರಿಗೆ ಗೊತ್ತು. ಹೆದ್ದಾರಿ ಅಗಲ ಮಾಡುವಾಗ ಯಾರು ಯಾವ ಸಭೆಯಲ್ಲಿ ಏನು ಮಾತು ಕೊಟ್ಟಿದ್ದರು ಎಂಬುದು ನನಗೆ ಇವತ್ತಿಗೂ ಬಾಯಿಪಾಠ. ಸಾರ್ವಜನಿಕ ಶೌಚಾಲಯಕ್ಕಾಗಿ ಮೈಕು ಹಿಡಿದು, "ಈ ವಿಷಯದಲ್ಲಿ ನಾಚಿಕೊಳ್ಳುವ ಸಮಾಜ ಮುಂದೆ ಬರುವುದಿಲ್ಲ" ಎಂದು ಗುಡುಗಿದ್ದೂ ನಾನೇ.

ಆ ಗುಡುಗಿದವನು ಡೈಪರ್ ಕೊಳ್ಳಲು ಕುಮಟಾದಿಂದ ಬಸ್ಸು ಹತ್ತಿ ಭಟ್ಕಳಕ್ಕೆ ಹೋಗುತ್ತಾನೆ. ನಡುವೆ ಹೊನ್ನಾವರ ಇದೆ. ಆದರೆ ಅಲ್ಲಿಯೂ ನಾನು ಭಾಷಣ ಮಾಡಿದ್ದೇನೆ, ಜನ ಗುರುತು ಹಿಡಿಯುತ್ತಾರೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಮಕ್ಕಳ ಡೈಪರನ್ನು ಅಂಗಡಿಯ ಬಾಗಿಲಲ್ಲಿ ತೋರಣದ ಹಾಗೆ ತೂಗುಹಾಕುತ್ತಾರೆ. ದೊಡ್ಡವರದ್ದನ್ನು ಕೌಂಟರಿನ ಅಡಿಯಿಂದ ತೆಗೆದು ಕಪ್ಪು ಕವರಿನಲ್ಲಿ ಸುತ್ತಿ ಕೊಡುತ್ತಾರೆ. ಇದನ್ನು ಖಂಡಿಸಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಖಂಡಿಸುವ ಮೊದಲು, "ಇನ್ನೊಂದು ಕವರು ಹಾಕಿ" ಎಂದು ಕೇಳಿದ್ದೇನೆ.

ಒದ್ದೆ ಬೆಡ್‌ಶೀಟುಗಳನ್ನು ಅಂಗಳದಲ್ಲಿ ಹಾಕದೆ ಒಳಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒಣಗಿಸುತ್ತಿದ್ದೆ. ಪಕ್ಕದ ಮನೆಯವರು ನೋಡಿ ಕೇಳಿದಾಗ, ಹೆಂಚಿನ ಮಾಡು ಸೋರುತ್ತದೆ ಎಂದೆ. ಪಾಪ, ಅವರು ಹೆಂಚು ಸರಿಮಾಡುವವನನ್ನೇ ಕಳಿಸಿದರು. ಅವನು ಏಣಿ ಹತ್ತಿ, ಇಳಿದು, "ಎಂತದೂ ಸೋರೂದಿಲ್ಲ ಮಾರಾಯ್ರೆ" ಎಂದು ಚಹಾ ಕುಡಿದು ಹೋದ.

ಇಂಥವನು ಹೋದ ವರ್ಷದ ಚೌತಿಗೆ ಧಾರೇಶ್ವರದ ಅವಳ ತವರಿಗೆ ಹೋಗಲಿಲ್ಲ. ಅವಳಿಗೆ ಜ್ವರ ಎಂದು ಸುಳ್ಳು ಹೇಳಿದೆ. ಹೆಸರುಗಳೆಲ್ಲ ಮರೆತವಳು ತವರನ್ನು ಮರೆತಿರಲಿಲ್ಲ... ಹಬ್ಬ ಕಳೆದ ಮೇಲೂ, "ಯಾವಾಗ ಹೊರಡೂದು?" ಎಂದು ಕೇಳುತ್ತಿದ್ದಳು.

ಈ ಸಲ ಅವಳ ಅಣ್ಣನ ಹೆಂಡತಿಯೇ ಫೋನು ಮಾಡಿದರು. "ಭಾವ, ಜ್ವರ ಬಂದ್ರೂ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ನಾನೇ ಬಂದು ಕರ್ಕೊಂಡು ಹೋತೆ."

ಹೊರಟೆವು. ಕಪ್ಪು ಕವರು ಹಬ್ಬದ ಮನೆಗೆ ಹೊಂದುವುದಿಲ್ಲವೆಂದು ಪ್ಯಾಕೆಟ್ಟಿಗೆ ಮಿರಮಿರ ಮಿಂಚುವ ಗಿಫ್ಟ್ ಪೇಪರ್ ಸುತ್ತಿ, ಮೇಲೆ ರಿಬ್ಬನ್ನು ಕಟ್ಟಿದೆ. ಯಾರಿಗೂ ಅನುಮಾನ ಬರಬಾರದಲ್ಲ.

ಬರಲಿಲ್ಲ. ಚೌತಿಗೆ ಬಂದವರು ಏನು ತಂದರೂ ಅದನ್ನು ಮೊದಲು ಗಣಪತಿಯ ಮುಂದೆ ಇಡುವುದು ಆ ಮನೆಯ ಕ್ರಮ. ಮಾರನೆಯ ದಿನ ಗಣಪತಿಯನ್ನು ನೀರಿಗೆ ಬಿಡುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ.

ನಾನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಅತ್ತಿಗೆ ಪ್ಯಾಕೆಟ್ಟನ್ನು, ಗಣಪತಿಯ ಮೇಲೆ ಹಣ್ಣು-ಕಾಯಿ ಕಟ್ಟಿ ತೂಗಿಸಿದ ಫಲಾವಳಿಯ ಕೆಳಗೆ ಇಟ್ಟು ಆಗಿತ್ತು. ಮೇಲಿಂದ ಒಂದು ಹಸಿ ಅಡಿಕೆಗೊನೆ ಅದರ ಮೇಲೆಯೇ ತೂಗುತ್ತಿತ್ತು.

ಸಂಜೆಯ ಆರತಿ ಮುಗಿಯಿತು. ಎಲ್ಲರಿಗೂ ನಡುಮನೆಯಲ್ಲಿ ಸಾಲಾಗಿ ಹಾಸಿಗೆ ಹಾಕುವ ಮಾತು ನಡೆಯುತ್ತಿದೆ. ನಾನು ಮಂಟಪದ ಸುತ್ತ ಸುಳಿಯುತ್ತಿದ್ದೇನೆ. ಇವತ್ತು ಇಷ್ಟು ಜನರ ನಡುವೆ ಹಾಸಿಗೆ ಒದ್ದೆಯಾದರೆ, ಅವಳನ್ನು ಮುಂದಿನ ವರ್ಷ ಯಾರು ಕರೆಯುತ್ತಾರೆ?

"ಎಂತ ಭಾವ, ಮೂರ್ನೇ ಸಲ ಕೈ ಮುಗೀತಿದ್ರಿ?" ಅತ್ತಿಗೆ ಕೇಳಿದರು. "ದೇವರಿಲ್ಲ ಅಂತ ನಮ್ಮನೆ ಜಗಲಿ ಮೇಲೇ ಕೂತು ವಾದ ಮಾಡಿದ್ದು ನೀವೇ ಅಲ್ದಾ?"

"ಇಲ್ಲ, ಆ ಪ್ಯಾಕೆಟ್ಟು..."

"ಅದು ಗಣಪತಿಗೆ ಬಂದದ್ದು. ನಾಳೆವರೆಗೆ ತೆಗೂಕೆ ಇಲ್ಲ."

ಹೇಳಲು ಬಾಯಿ ತೆರೆದೆ. ಗಂಟೆಗಟ್ಟಲೆ ಮಾತಾಡುವವನ ಬಾಯಿಂದ, "ಅಡಿಕೆಗೊನೆ ಚೆನ್ನಾಗಿದೆ" ಎಂದಷ್ಟೇ ಬಂತು.

ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಸುಮಿತ್ರಾ ಹೇಳಿದಳು. "ಅತ್ತಿಗೆ, ಅದು ಗಣಪತಿಗೆ ಅಲ್ಲ. ನಂಗೆ. ರಾತ್ರಿ ಹಾಸಿಗೆ ಒದ್ದೆ ಆಗ್ತದೆ."



ಅವಳು ನನ್ನ ಕಡೆ ಕೈ ತೋರಿಸಿ ಮುಂದುವರಿಸಿದಳು. "ಪಾಪ, ಅವರಿಗೆ ಹೇಳೂಕೆ ನಾಚ್ಕೆ."

ಮೊದಲು ನಕ್ಕದ್ದೂ ಅವಳೇ. ಆಮೇಲೆ ಅತ್ತಿಗೆ. ಆಮೇಲೆ ಎಲ್ಲರೂ... ನಗು ನನ್ನ ಕಡೆಗೇ ಬರುತ್ತಿತ್ತು, ಅವಳ ಕಡೆಗೆ ಅಲ್ಲ.

ಅತ್ತಿಗೆ ಗಣಪತಿಗೆ ಕೈ ಮುಗಿದು ಪ್ಯಾಕೆಟ್ಟನ್ನು ಎತ್ತಿಕೊಂಡರು. ಅದರ ಮೇಲೊಂದು ದಾಸವಾಳ ಇಟ್ಟು ಸುಮಿತ್ರಾಳ ಮಡಿಲಿಗೆ ಹಾಕಿದರು. "ತಕಾ ಸುಮಿ, ಪ್ರಸಾದ. ನೀ ನನ್ ಹತ್ರ ಮಲ್ಗು. ಭಾವ ಬೇಕಾದ್ರೆ ಗಣಪತಿ ಕಾಯ್ಲಿ."

ಡೈಪರ್ ಇದ್ದರೂ ಬೆಳಗಾಗುವಾಗ ಬೆಡ್‌ಶೀಟು ಸ್ವಲ್ಪ ಒದ್ದೆಯಾಗಿತ್ತು. ನಾನು ಏಳುವ ಮೊದಲೇ ಅತ್ತಿಗೆ ಅದನ್ನು ತೊಳೆದು ಅಂಗಳದ ಹಗ್ಗದ ಮೇಲೆ, ಎಲ್ಲರ ಪಂಚೆ, ಸೀರೆಗಳ ನಡುವೆ ಹರಡಿದ್ದರು. ಬಂದವರೆಲ್ಲ ಅದರ ಅಡಿಯಿಂದ ಬಗ್ಗಿ ಒಳಗೆ ಹೋದರು. ಯಾರೂ ಮಾಡಿನ ಕಡೆ ನೋಡಲಿಲ್ಲ.

ಕುಮಟಾಕ್ಕೆ ಬಂದು ಹಗ್ಗವನ್ನು ಅಂಗಳಕ್ಕೆ ಕಟ್ಟಿದ್ದೇನೆ. ಪಕ್ಕದ ಮನೆಯವರಿಗೂ ನಿಜ ಹೇಳಿದೆ. ಈ ಪೋಸ್ಟನ್ನು ಸುಮಿತ್ರಾಗೆ ಓದಿ ಹೇಳಿದಾಗ, "ಯಾರ ಕತೆ ಇದು? ಲಾಯ್ಕಿದೆ, ಹಾಕಿ" ಎಂದಳು.

ಆದ್ದರಿಂದ ಊರೆದುರೇ ಕೇಳುತ್ತಿದ್ದೇನೆ: ಈ ಮಳೆಯಲ್ಲಿ ದಿನಕ್ಕೆರಡು ಬೆಡ್‌ಶೀಟು ವಾಸನೆ ಬರದ ಹಾಗೆ ಒಣಗಿಸಲು ನೀವೆಲ್ಲ ಎಂತ ಮಾಡ್ತೀರಿ?