ಮೂರನೆಯ ಕೂಗು

ಮುಕ್ಕುಂದದ ಅಯ್ಯಮ್ಮನನ್ನು ಬಾಗಿಲಲ್ಲಿ ನಿಂತು ಕರೆಯಲು ಓಣಿಯ ಹೆಂಗಸರಿಗೆ ಎದೆ ಅಳುಕುತ್ತಿತ್ತು. ಒಂದೇ ಒಂದು ಸಲ ಕೂಗಿದರೂ ಸಾಕು, ಒಳಗಿನಿಂದ ‘ಓ’ ಅಂದುಬಿಡುತ್ತಿದ್ದಳು ಮಹಾರಾಯ್ತಿ. ಏನು ಗುಂಡಿಗೆ ಅಂತೀರಿ! ಆ ಸೀಮೆಯಲ್ಲಿ ಮೊಲೆ ಬಿಟ್ಟ ಕೂಸಿಗೂ ಗೊತ್ತಿರುವ ಮಾತಿದು: ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ, ದನಿಯ ಗುರುತು ಹತ್ತದಿದ್ದರೆ, ಮೂರನೆಯ ಕೂಗಿನವರೆಗೆ ತುಟಿ ಬಿಚ್ಚಬಾರದು. ದೆವ್ವಕ್ಕೆ ಎರಡೇ ಸಲ ಕೂಗುವ ತಾಕತ್ತು. ಅಷ್ಟರೊಳಗೆ ಓಗೊಟ್ಟರೋ, ಜೀವ ಅದರ ಬೆನ್ನು ಹತ್ತಿ ಹೋಯಿತೆಂದೇ ಲೆಕ್ಕ. ಮೂರನೆಯ ಸಲ ಕೂಗುವುದು ಮನುಷ್ಯರು ಮಾತ್ರ.

ಅಯ್ಯಮ್ಮನೂ ಮೊದಲು ಹಾಗೇ ನಡೆದುಕೊಂಡವಳು. ಅವಳು ಬದಲಾದದ್ದು ಗಂಡ ಕನಕರಾಯ ಸತ್ತ ಮೇಲೆ.

ರಜಾಕಾರರ ಗದ್ದಲ ಅಡಗಿದ ಮರುವರ್ಷ, ನಾಗರಪಂಚಮಿಯ ಮಾರನೆಯ ದಿನ. ಮಧ್ಯಾಹ್ನವೇ ಮೋಡ ಕವಿದು ಮಳೆ ಜಿನುಗುತ್ತಿತ್ತು, ಮನೆಯೊಳಗೆ ಮಬ್ಬು ಹಿಡಿದಿತ್ತು. ಕನಕರಾಯ ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತಿದ್ದ, ಅಯ್ಯಮ್ಮ ಜೋಳ ಹಸನು ಮಾಡುತ್ತಿದ್ದಳು. ಅಂಗಳದಿಂದ ಕೂಗು ಬಂತು. “ಕನಕರಾಯಾ!”

ಗಂಡಸಿನ ದನಿಯೆಂದರೆ ಗಂಡಸಿನದು, ಹೆಂಗಸಿನದೆಂದರೆ ಹೆಂಗಸಿನದು. ಇಂಥವರದೆಂದು ಹೇಳುವ ಹಾಗಿರಲಿಲ್ಲ. ಕನಕರಾಯ ಉದಾಸೀನದ ಮನುಷ್ಯ, ‘ಓ’ ಅನ್ನಲು ಬಾಯಿ ತೆರೆದೇಬಿಟ್ಟ. ಅಯ್ಯಮ್ಮ ಮೊರ ಬಿಸಾಡಿ ಹಾರಿಬಂದು ಅವನ ಬಾಯಿಗೆ ಅಂಗೈ ಒತ್ತಿ ಹಿಡಿದಳು.

“ಕನಕರಾಯಾ!” ಎರಡನೆಯ ಕೂಗು ಬಾಗಿಲಿಗೆ ಇನ್ನಷ್ಟು ಹತ್ತಿರವಾಗಿತ್ತು.

“ತಡಿ, ಇನ್ನೊಂದು ಸಲ ಕೂಗ್ಲಿ,” ಎಂದು ಅವನ ಕಿವಿಯಲ್ಲಿ ಉಸುರಿದಳು. ಅವನ ತುಟಿ ಅವಳ ಕೈಯಡಿ ಅಲ್ಲಾಡುತ್ತಿತ್ತು, ಬಿಸಿ ಉಸಿರು ಬೆರಳ ಸಂದಿಯಿಂದ ಹಾಯುತ್ತಿತ್ತು. ಇಬ್ಬರೂ ಕಾದರು. ಮೂರನೆಯ ಕೂಗು ಬರಲೇ ಇಲ್ಲ. ಬಹಳ ಹೊತ್ತಿನ ಮೇಲೆ ಅಯ್ಯಮ್ಮ ಬಾಗಿಲು ತೆರೆದಾಗ ಅಂಗಳದ ಹಸಿ ಕೆಸರು ಸಾರಿಸಿದಂತೆ ನುಣ್ಣಗಿತ್ತು. ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಮಳೆ ಅಳಿಸಿರಬೇಕು ಅಂದುಕೊಂಡಳು, ಆದರೂ ಬಾಗಿಲು ಮುಚ್ಚಿ ಅಗಣಿ ಹಾಕಿದಳು.

ಮುಂದಿನ ತಿಂಗಳು ಪೊಲೀಸರು ವಾರಂಟು ಹಿಡಿದು ಬಂದರು. ಪಕ್ಕದ ಹೊಲದವನು ಬದುವಿನ ತಕರಾರು ಹಾಕಿದ್ದನಂತೆ. ಸಮನ್ಸು ಬಂದರೂ ಹಾಜರಾಗದೆ ತಪ್ಪಿಸಿಕೊಂಡಿದ್ದಾನೆಂದು ಕನಕರಾಯನನ್ನು ಲಿಂಗಸೂಗೂರಿಗೆ ಒಯ್ದರು. “ಯಾವ ಸಮನ್ಸರೀ ಯಪ್ಪಾ?” ಎಂದು ಅವನು ಕೇಳುತ್ತಲೇ ಇದ್ದ. ವಿಚಾರಣೆಯ ತಾರೀಖು ಬರುವ ಮೊದಲೇ ಜ್ವರ ಹತ್ತಿ ಜೇಲಿನಲ್ಲೇ ತೀರಿಕೊಂಡ. ಹೆಣ ಚಕ್ಕಡಿಯಲ್ಲಿ ಬಂತು.

ಅವತ್ತಿನಿಂದ ಅಯ್ಯಮ್ಮನಿಗೆ ಒಂದೇ ಚಿಂತೆ. ಅವತ್ತು ಕೂಗಿದ್ದು ಯಾರು? ಊರಿನ ಮನೆಮನೆಗೂ ಹೋಗಿ ಕೇಳಿದಳು. ಯಾರೂ ಕೂಗಿರಲಿಲ್ಲ. ಉಳಿದವನು ಸಮನ್ಸು ತರುವ ಚಪ್ರಾಸಿ ಒಬ್ಬನೇ. ಅವನೇ ಆಗಿದ್ದರೆ ಗಂಡನನ್ನು ಕೊಂದದ್ದು ತನ್ನ ಈ ಅಂಗೈ. ಉಣ್ಣಲು ಕುಳಿತರೆ ಆ ಕೈ ಕಂಡು ತಾಟು ಸರಿಸಿ ಎದ್ದುಬಿಡುತ್ತಿದ್ದಳು. ದೆವ್ವವೇ ಆಗಿದ್ದರೆ ಬರಲಿ, ನನ್ನನ್ನೂ ಒಯ್ಯಲಿ ಎಂಬ ಹಟಕ್ಕೆ ಮೊದಲ ಕೂಗಿಗೇ ಓಗೊಡತೊಡಗಿದಳು. ಅವಳನ್ನು ಯಾವ ದೆವ್ವವೂ ಕೇಳಲಿಲ್ಲ.

ಐದು ವರ್ಷ ಹೀಗೆ ಸವೆದ ಮೇಲೆ, ಹಳೆಯ ಖಟ್ಲೆಗಳ ಕಾಗದವನ್ನೆಲ್ಲ ಕಚೇರಿಯಲ್ಲಿ ಕಟ್ಟಿ ಇಟ್ಟಿರುತ್ತಾರೆ, ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ ಎಂದು ಯಾರೋ ಹೇಳಿದರು. ಬುತ್ತಿ ಕಟ್ಟಿಕೊಂಡು ಸಿಂಧನೂರಿಗೆ ನಡೆದಳು. “ಇಲ್ಲಿಲ್ಲಬೇ, ಲಿಂಗಸೂಗೂರಿಗೆ ಹೋಗ್ಯಾವ,” ಅಂದರು. ಬಸ್ಸು ಹತ್ತಿ ಅಲ್ಲಿಗೂ ಹೋದಳು.

ಲಿಂಗಸೂಗೂರಿನಲ್ಲಿ ಬೇವಿನ ಮರದಡಿ ಅರ್ಜಿ ಬರೆಯುವ ಹಂಪಣ್ಣ ಸಿಕ್ಕ. ಉರ್ದು ಸಾಲಿ ಕಲಿತವನು, ಬಾಯಿ ಬೊಂಬಾಯಿ. “ಮಂದಿ ಹೊಲದ ಕಾಗದ ಹುಡುಕ್ತಾರ, ನೀ ಯಾಕಬೇ ಸತ್ತವನ ಸಮನ್ಸ್ ಹುಡುಕಾಕತ್ತೀದಿ?” ಎಂದು ನಕ್ಕ. ಅಯ್ಯಮ್ಮ ಎಲ್ಲ ಹೇಳಿದಳು. ನಗು ಅಲ್ಲಿಗೇ ಬತ್ತಿತು. ಕಡತಗಳ ಕೋಣೆಯ ಗುಮಾಸ್ತನ ಬೆನ್ನು ಬಿದ್ದು, ಕಾಡಿ ಬೇಡಿ, ಕಡೆಗೂ ನಕಲು ತೆಗೆಸಿದ.

ಉರ್ದುವಿನ ಸಾಲುಗಳ ಮೇಲೆ ಬೆರಳಾಡಿಸಿ ಹಂಪಣ್ಣ ಓದಿ ಹೇಳಿದ. “ಚಪ್ರಾಸಿ ಬುಡ್ಡೇಸಾಬ್ ಬರದಾನ ನೋಡು. ಮುಕ್ಕುಂದಕ್ಕ ಹೋಗಿ, ಮನಿ ಮುಂದ ನಿಂತು ಮೂರು ಸಲ ಕೂಗಿದೆ, ಯಾರೂ ಓ ಅನ್ಲಿಲ್ಲ, ಸಮನ್ಸ್ ಬಾಗಲಕ್ಕ ಅಂಟಿಸಿ ಬಂದೆ ಅಂತ.”

“ಯಾವತ್ತರೀ?”

ಹಂಪಣ್ಣ ತಾರೀಖನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿ ಕೂಡಿಸಿದ. “ಪಂಚಮಿ ಮರುದಿನ ಆಕ್ಕತಿ.”

ಅಯ್ಯಮ್ಮ ಆ ಕಾಗದವನ್ನು ಕಿತ್ತುಕೊಂಡು ನೋಡಿದಳು. ಮನುಷ್ಯನೇ! ಚಪ್ರಾಸಿಯೇ! ಅಂಟಿಸಿದ ಕಾಗದವನ್ನು ಮಳೆಯೇ ಒಯ್ದಿರಬೇಕು. ಅಯ್ಯೋ ನನ್ನ ಕೈಗೆ ಹುಳ ಬೀಳಲಿ ಎಂದು ಎದೆ ಎದೆ ಬಡಿದುಕೊಂಡಳು. ಮರದಡಿಯ ಜನ ತಿರುಗಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಅಳು ತಟ್ಟನೆ ನಿಂತಿತು.

“ಮೂರಲ್ಲರಿ. ಎರಡೇ ಸಲ ಕೂಗ್ಯಾನ.”

“ಕಾಗದದಾಗ ಮೂರದ.”

“ಕಾಗದದ ಮನಿ ಹಾಳಾಗ್ಲಿ! ನಾ ಕಿವಿಯಾರೆ ಕೇಳೀನಿ. ಮೂರನೇದ್ದು ಯಾಕ ಕೂಗ್ಲಿಲ್ಲ ಆಂವ? ಅವನ ಬಾಯಿಗೆ ಏನು ಬಡದಿತ್ತು?”

ಚಪ್ರಾಸಿ ಕೆಲಸ ಬಿಟ್ಟ ಬುಡ್ಡೇಸಾಬ್ ಮಸ್ಕಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಾನೆಂದು ಹಂಪಣ್ಣನೇ ಹೇಳಿದ. ಅಯ್ಯಮ್ಮ ಅವತ್ತೇ ಮಸ್ಕಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವನಿಗೆ ಹಾಕಬೇಕಾದ ಬೈಗುಳಗಳನ್ನು ಹೊಂದಿಸಿಕೊಂಡಳು, ಎಲ್ಲವೂ ಒಳ್ಳೇ ಖಾರವಾಗಿದ್ದವು.

ಬುಡ್ಡೇಸಾಬ್ ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ ಸಣಕಲು ಮುದುಕ. ಕೈಯಲ್ಲೊಂದು ತಾಮ್ರದ ಹಂಡೆ. ಅಯ್ಯಮ್ಮ ನಕಲನ್ನು ಅವನ ಮುಂದೆ ಹಿಡಿದಳು.

“ಸಾಹೇಬ್ರ, ಮುಕ್ಕುಂದದ ಕನಕರಾಯನ ಹೇಂತಿ ನಾನು. ನೀವು ನಮ್ಮ ಬಾಗಲದಾಗ ನಿಂತು ಎರಡು ಸಲ ಕೂಗಿದ್ರಿ. ಮೂರನೇದ್ದು ಯಾಕ ಕೂಗ್ಲಿಲ್ಲ?”

ಮುದುಕ ಕಾಗದ ಓದಿದ. ಓದುತ್ತ ಓದುತ್ತ ಅವನ ಮುಖ ಬಿಳಚಿಕೊಂಡಿತು.

“ಯವ್ವಾ, ಸುಳ್ಳು ಹೇಳಿದ್ರ ನನ್ನ ನಾಲಿಗಿ ಸೇದಿ ಹೋಗ್ಲಿ. ನಾ ನಿಮ್ಮೂರಿಗೆ ಬಂದೇ ಇಲ್ಲ.”

“ಅಂದ್ರ?”

“ಆಗ ರಜಾಕಾರರ ಮ್ಯಾಲಿನ ಸಿಟ್ಟು ನಮ್ಮ ಮ್ಯಾಲೆ ತೀರಿಸ್ತಿದ್ರು, ನಮ್ಮ ಮಂದಿ ಒಬ್ಬೊಬ್ರೇ ಹಳ್ಳಿಗೆ ಹೋಗಾಕ ಅಂಜತಿದ್ರು. ಹೋದವರು ಎಲ್ಲಾರೂ ತಿರುಗಿ ಬಂದಿರ್ಲಿಲ್ಲ, ತಂಗಿ. ನನ್ನ ಹೇಂತಿ ಶಂಶಾದ್‌ಬೀ ಕಾಲು ಹಿಡಕೊಂಡು ಅತ್ಲು. ಹಳ್ಳದ ದಂಡಿ ತನಕ ಬಂದು, ಸಮನ್ಸ್ ನೀರಾಗ ಬಿಟ್ಟೆ. ಮೂರು ಸಲ ಕೂಗಿದೆ ಅಂತ ಅಲ್ಲೇ ಕುಂತು ಬರದೆ. ಎಲ್ಲಾದಕ್ಕೂ ಹಂಗ ಬರೀತಿದ್ವಿ.”

ಅಯ್ಯಮ್ಮ ಒಂದು ಹೆಜ್ಜೆ ಮುಂದೆ ಬಂದಳು.

“ಹಂಗಾದ್ರ ನಮ್ಮ ಬಾಗಲದಾಗ ಕೂಗಿದ್ದು ಯಾರು?”

“ಏನಂತ ಕೂಗಿತು?”

“ಕನಕರಾಯಾ ಅಂತ.”

ಬುಡ್ಡೇಸಾಬ್ ಹಂಡೆಯನ್ನು ಕೆಳಗಿಟ್ಟ. “ಸರಕಾರದ ಕೂಗು ಅಲ್ಲವ್ವಾ ಅದು. ನಾವು ಅಪ್ಪನ ಹೆಸರು ಕೂಡಿಸಲಾರದೆ ಯಾರನ್ನೂ ಕರಿಯಂಗಿಲ್ಲ.” ಅಷ್ಟು ಹೇಳಿ ತನ್ನ ಮನೆಯ ತೆರೆದ ಬಾಗಿಲ ಕಡೆ ಒಮ್ಮೆ ನೋಡಿದ. ಹಾಡುಹಗಲು, ಸುತ್ತ ಸಂತೆಯ ಗದ್ದಲ, ಆದರೂ ಇಬ್ಬರಿಗೂ ಚಳಿ ಹತ್ತಿದ ಹಾಗಾಯಿತು.

ಅಯ್ಯಮ್ಮ ಬಲ ಅಂಗೈಯನ್ನು ಬಿಡಿಸಿ ನೋಡಿಕೊಂಡಳು. ನಾಚಿಕೆಯಾಗುವಷ್ಟು ಸಂತೋಷ ಉಕ್ಕಿಬಂತು. ತನ್ನ ಕೈ ತಪ್ಪು ಮಾಡಿರಲಿಲ್ಲ! ಬಾಗಿಲಿಗೆ ಬಂದ ಪಿಡುಗಿಗೆ ಗಂಡನನ್ನು ಬಿಟ್ಟುಕೊಟ್ಟಿರಲಿಲ್ಲ. ಐದು ವರ್ಷದ ಮೇಲೆ ಮೊದಲ ಸಲ ಎದೆ ತುಂಬ ಉಸಿರೆಳೆದುಕೊಂಡಳು.

ಮುದುಕ ಮಾತ್ರ ತಲೆಯೆತ್ತಲಿಲ್ಲ. ಮೂರು ಸಲ ಕೂಗಿದೆ ಎಂಬ ಸಾಲಿನ ಮೇಲೇ ಅವನ ಕಣ್ಣು ನೆಟ್ಟಿತ್ತು. “ನನ್ನ ಜೀವ ಉಳಿಸ್ಕೊಳ್ಳಾಕ ಒಂದು ಸುಳ್ಳು ಬರದೆ,” ಅಂದ. “ಹೊಟ್ಟಿಗೆ ಹಾಕ್ಕೋ ತಂಗಿ. ನಾ ಬಂದಿದ್ರ ನಿನ್ನ ಗಂಡ ಉಳೀತಿದ್ನೇನು?”

ಬಸ್ಸಿನಲ್ಲಿ ಹೊಂದಿಸಿಕೊಂಡ ಬೈಗುಳ ಒಂದೂ ಅಯ್ಯಮ್ಮನ ಬಾಯಿಗೆ ಬರಲಿಲ್ಲ. ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತುಕೊಂಡಳು.

“ನೀವು ಬಂದು ಮೂರನೇ ಸಲ ಕೂಗಿದ್ರ ನಾ ಅವನ ಬಾಯಿಂದ ಕೈ ತೆಗೀತಿದ್ದೆ, ಅಣ್ಣಾ,” ಅಂದಳು.