ಕೊಟ್ಟಿಗೆಯ ಮಡಿ

ಅಟ್ಟೂರಿನ ನಮ್ಮ ಮನೆಯ ಹಸುಗಳನ್ನೆಲ್ಲ ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ನಾನು ಬೀದಿ ನಾಯಿಮರಿಗಳನ್ನು ಸಾಕಿ, ಬೇಕೆಂದವರಿಗೆ ಕೊಡುತ್ತಿದ್ದೆ. ಒಂದು ವರ್ಷ ಪಾರ್ವೊ ರೋಗ ಬಂತು. ರಕ್ತಭೇದಿಯಾಗಿ ಇದ್ದ ಮೂರು ಮರಿಗಳೂ ಸತ್ತವು. ಗೊಳೋ ಎಂದು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

"ಆ ವೈರಸ್ ನೆಲದಲ್ಲಿ ತಿಂಗಳುಗಟ್ಲೆ ಕೂತಿರುತ್ತೆ ಮೇಡಂ," ಎಂದರು ನಾಯಿ ಡಾಕ್ಟರು. "ಮೊದ್ಲು ಸೋಪ್ ಹಾಕಿ ಉಜ್ಜಿ. ಕೊಳೆ ಇದ್ರೆ ಬ್ಲೀಚ್ ಕೆಲ್ಸ ಮಾಡಲ್ಲ. ಆಮೇಲೆ ಬ್ಲೀಚ್ ನೀರು ಹಾಕಿ, ಹತ್ತು ನಿಮಿಷ ಬಿಟ್ಟು ತೊಳೀರಿ."

ತಾಯಿ ಸತ್ತ ನಾಲ್ಕು ಮರಿಗಳು ಸ್ವಲ್ಪ ದಿನದಲ್ಲೇ ಬರುವುದಿತ್ತು. ಸೊಂಟ ಬಿದ್ದುಹೋಗುವಂತೆ ಉಜ್ಜಿ, ಬ್ಲೀಚ್ ನೀರು ಸುರಿದು, ಆಚೆ ಬಂದು ಕೂತೆ. ಐದು ನಿಮಿಷವೂ ಆಗಿರಲಿಲ್ಲ, ನಮ್ಮತ್ತೆ ಪಕ್ಕದ ಮನೆಯಿಂದ ಸಗಣಿ ತಂದು, ನೀರಲ್ಲಿ ಕದಡಿ, ಒಳಗೆಲ್ಲ ಎರಚಿಬಿಟ್ಟರು!

"ಅಯ್ಯೋ, ಏನ್ ಮಾಡಿದ್ರಿ ಅತ್ತೆ?"

"ಸಾವಾದ ಜಾಗ ಕಣಮ್ಮ. ನಿನ್ನ ಗಬ್ಬುನೀರಿಂದ ಏನಾಯ್ತದೆ? ಇಂಗೆ ಸಗಣಿ ಆಕಿದ್ರೇನೇ ಸುದ್ದ."

ಎಷ್ಟು ಬಾಯಿ ಬಡಿದುಕೊಂಡರೂ ಮಾರನೇ ದಿನ ಮತ್ತೆ ಅದೇ. ನನಗೆ ರೇಗಿತು. ರೇಗಿದಾಗ ನನ್ನ ತಲೆ ಚೆನ್ನಾಗಿ ಓಡುತ್ತದೆ. ಮೂರನೇ ದಿನ ಬ್ಲೀಚ್ ಹಾಕಿದವಳೇ ಬಾಗಿಲಿಗೆ ಅಡ್ಡ ನಿಂತು, "ಅತ್ತೆ, ಒಳಗೆ ಈಗ ಮಡಿ. ಮನೆದೇವ್ರಿಗೆ ಅಡಿಗೆ ಮಾಡೋವಾಗ ಇರುತ್ತಲ್ಲ, ಹಂಗೆ. ಆಚೆಯಿಂದ ಏನೂ ಸೋಕಬಾರದು," ಎಂದೆ.

ಅತ್ತೆ ಬಕೆಟ್ ಕೆಳಗಿಟ್ಟರು. "ಮೊದ್ಲೇ ಏಳಕ್ಕೇನಾಗಿತ್ತು ನಿಂಗೆ?"

ಒಳಗೊಳಗೇ ನಕ್ಕೆ. ಮರಿಗಳು ಬಂದ ಮೇಲೆ ನಗು ಇಳಿಯಿತು. ಅತ್ತೆ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಚಪ್ಪಲಿ ಆಚೆ, ಕೈಕಾಲು ತೊಳೆಯದೆ ಯಾರೂ ಒಳಗಿಲ್ಲ. ಲಸಿಕೆ ಹಾಕಲು ಬಂದ ಡಾಕ್ಟರ ಕೈಯನ್ನೇ ಎರಡು ಸಲ ತೊಳೆಸಿದರು. ಪಾಪ, ಅವರು ಮಗುವಿನಂತೆ ಕೈ ತೋರಿಸಿ ಒಳಗೆ ಹೋದರು.

ಒಂದು ಸಂಜೆ ಸಂಜಯನಗರಕ್ಕೆ ಹೋಗಿ ಬಂದವಳು, ಮರಿಗಳು ಕುಂಯ್‌ಗುಡುವುದು ಕೇಳಿ ಸೀದಾ ಕೊಟ್ಟಿಗೆಗೆ ನುಗ್ಗಿದೆ. ಅತ್ತೆ ಕೋಲು ಅಡ್ಡ ಹಿಡಿದರು.

"ಏನ್ ಮುಟ್ಕಂಡ್ ಬಂದೆ?"

"ಭೇದಿಯಾಗಿ ಬಿದ್ದಿದ್ದ ನಾಯೀನ ಡಾಕ್ಟರ ಹತ್ರ ಎತ್ಕೊಂಡು..." ಎನ್ನುತ್ತ ನನ್ನ ಚೂಡಿದಾರ್ ನೋಡಿಕೊಂಡೆ. ಎದೆಯಿಂದ ಮಂಡಿಯವರೆಗೆ ಕಲೆ. ಎರಡು ಹೆಜ್ಜೆ ಹಿಂದೆ ಸರಿದೆ.

"ಮಡಿ ಅಂದೋಳು ನೀನೇ ಅಲ್ವಾ? ಓಗು, ತಲೆಗೆ ನೀರುಯ್ಕಂಡ್ ಬಾ."

ಆ ನಾಯಿಗೆ ಪಾರ್ವೊ ಎಂದು ಮಾರನೇ ದಿನ ಡಾಕ್ಟರು ಫೋನ್ ಮಾಡಿದರು. ಕೊಟ್ಟಿಗೆಯ ಬಾಗಿಲಲ್ಲಿ ಬಗ್ಗಿ ನೋಡಿದೆ: ಒಳಗೆ ನಾಲ್ಕೂ ಮರಿಗಳು ಅತ್ತೆಯ ಸೆರಗು ಹಿಡಿದು ಎಳೆದಾಡುತ್ತಿದ್ದವು. ಹೊಸ್ತಿಲಾಚೆಯೇ ನಿಂತು ಕೇಳಿದೆ, "ಒಳಗೆ ಬರ್ಲಾ ಅತ್ತೆ?"

"ಕಾಲು ತೊಳ್ದ್ಯಾ?" ಎಂದರು.