ಹೆಬ್ಬೆರಳಿಗೊಂದು ಕಿಟಕಿ

ಬೆಳಗಿನ ಐದೂ ಹತ್ತು. ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಲ್ಯಾಬಿನ ಹಿಂಬಾಗಿಲಲ್ಲಿ ಒಬ್ಬ ಹೆಂಗಸು ಮೋಟಾರ್ ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಚಾಲೂ ಇಟ್ಟು, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾಳೆ. ನೋಡಿದವರು ಬೈಕು ಕೆಟ್ಟಿದೆ ಅಂದುಕೊಳ್ಳಬೇಕು. ಕೆಟ್ಟಿಲ್ಲ. ಒಂದು ಜೊತೆ ಹಳೆಯ ಕೈಗವಸನ್ನು ಎಂಜಿನ್ನಿನ ಬಿಸಿಗೆ ಹಿಡಿದು, ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು ಕಾಯಿಸುತ್ತಿದ್ದಾಳೆ.

"ತಣ್ಣಗಿರೋ ಗ್ಲೌಸು ಹಾಕ್ಕೊಂಡ್ರೆ ಒದ್ದೆ ಕಾಲುಚೀಲ ಹಾಕ್ಕೊಂಡ ಹಾಗೆ," ಎನ್ನುತ್ತಾಳೆ. "ಮೊದಲನೇ ಆಸ್ಪತ್ರೆವರೆಗಾದ್ರೂ ಈ ಬಿಸಿ ಬರ್ಲಿ ಅಂತ. ಆಮೇಲಿಂದು ಚಳಿ ಉಂಟು, ನಾನುಂಟು."

ಈಕೆಯ ಹಿಂದಿನ ಸೀಟಿನ ಜಾಗದಲ್ಲಿ ಒಂದು ಬಿಳಿ ಡಬ್ಬಿ ಕೂತಿದೆ. ಅದರೊಳಗೆ ಎರಡು ಮಂಜುಗಡ್ಡೆಯ ಚೀಲ, ನಡುವೆ ರಕ್ತದ ಟ್ಯೂಬುಗಳನ್ನು ನಿಲ್ಲಿಸುವ ತಟ್ಟೆ. ಊರಾಚೆಯ ಏಳು ಚಿಕ್ಕ ಆಸ್ಪತ್ರೆಗಳಲ್ಲಿ ಹಿಂದಿನ ಸಂಜೆ ತೆಗೆದದ್ದು, ಆವತ್ತು ಮುಂಜಾನೆ ತೆಗೆದದ್ದು, ಎಲ್ಲ ರಕ್ತವನ್ನೂ ಒಟ್ಟು ಮಾಡಿ ಹತ್ತೂವರೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ನೂರಾ ಹನ್ನೆರಡು ಕಿಲೋಮೀಟರು. ಟ್ಯೂಬುಗಳು ಕಡಿಮೆಯೆಂದರೆ ಮೂವತ್ತು, ಹೆಚ್ಚೆಂದರೆ ಅರವತ್ತು. ವಾರಕ್ಕೆ ಆರು ದಿನ. ಏಳೂ ಕಡೆ ಈಕೆಗೆ ಇರುವುದು ಒಂದೇ ಹೆಸರು: ಡಬ್ಬಿ ಅಕ್ಕ.

ಅಕ್ಕನಿಗೆ ಈಗ ನಲವತ್ತೇಳು. ಮೊದಲು ಇದೇ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ಟ್ಯೂಬು ತರುತ್ತಿದ್ದವನು ಬಿದ್ದು ಕಾಲು ಮುರಿದುಕೊಂಡ. ಬೈಕು ಯಾರಿಗೆ ಬರುತ್ತದೆ ಎಂದು ಮೇಲಿನವರು ಕೇಳಿದಾಗ ಗಂಡಸರೆಲ್ಲ ಗೋಡೆ ನೋಡಿದರು. ಮೂಲೆಯಿಂದ ಈಕೆ ಸಾಬೂನಿನ ಕೈ ಎತ್ತಿದಳು. ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಲು ಗಂಡನ ಬೈಕನ್ನು ಕಲಿತಿದ್ದಳು, ಅಷ್ಟೆ.

"ಮೂರು ವಾರದ ಮಟ್ಟಿಗೆ ಅಂದ್ರು," ಎಂದು ನಗುತ್ತಾಳೆ. "ಆ ಮೂರು ವಾರ ಇನ್ನೂ ಮುಗಿದಿಲ್ಲ ನೋಡಿ."

ಮೊದಲ ಆಸ್ಪತ್ರೆಯ ಹೊಸಿಲಲ್ಲಿ ನರ್ಸಮ್ಮ ಶಾಲು ಹೊದ್ದು ಕಾದಿದ್ದಾರೆ. ಟ್ಯೂಬುಗಳನ್ನು ತಟ್ಟೆಗೆ ಇಳಿಸುವುದು ನರ್ಸಮ್ಮನ ಕೆಲಸ, ಅದನ್ನು ಅಕ್ಕ ಮುಟ್ಟುವ ಹಾಗಿಲ್ಲ. ನರ್ಸಮ್ಮ ಒಂದೊಂದರ ನಂಬರು ಕೂಗುತ್ತಾರೆ, ಅಕ್ಕ ತಿರುಗಿ ಕೂಗುತ್ತಾಳೆ. "ನಾಲ್ಕು." "ನಾಲ್ಕು." "ಐದು." "ಐದು." ಮಗ್ಗಿ ಒಪ್ಪಿಸುವ ಇಬ್ಬರು ಹುಡುಗಿಯರ ಹಾಗೆ. ಒಂಬತ್ತಕ್ಕೆ ನಿಂತಿತು. ಅಕ್ಕ ಮುಚ್ಚಳ ಇಳಿಸಿ, ಎಡಗೈ ಹೆಬ್ಬೆರಳನ್ನು ಡಬ್ಬಿಯ ಅಂಚಿನ ಕೆಳಗೆ ತೂರಿಸಿ ಒತ್ತುತ್ತಾಳೆ. ಮುಖ ಒಂದು ಗಳಿಗೆ ಬೇರೆಲ್ಲೋ ಹೋಗಿ ಬರುತ್ತದೆ. "ಸಿಕ್ತು," ಎನ್ನುತ್ತಾಳೆ. ಆಮೇಲೇ ಕಿಕ್ಕು ಹೊಡೆಯುವುದು.

ಈಕೆಯ ಕಸುಬಿನ ಗುಟ್ಟೆಲ್ಲ ಆ ಒಂದು ಗಳಿಗೆಯಲ್ಲಿದೆ. ಧೂಳು, ನೀರು ಒಳಗೆ ಹೋಗಬಾರದೆಂದು ಡಬ್ಬಿಯ ಚಿಲಕವನ್ನು ಅಂಚಿನ ಒಳಗೆ, ದಪ್ಪ ರಬ್ಬರಿನ ಕೆಳಗೆ ಇಟ್ಟಿದ್ದಾರೆ. ಅದು ಕಣ್ಣಿಗೆ ಕಾಣುವುದಿಲ್ಲ. ರಬ್ಬರು ಸದ್ದನ್ನೂ ನುಂಗುವುದರಿಂದ ಕಿವಿಗೂ ಕೇಳುವುದಿಲ್ಲ. ಚಿಲಕ ಕಚ್ಚಿಕೊಂಡಾಗ ಅಡಿಯಲ್ಲೊಂದು ಕಡಲೆಕಾಳಿನಷ್ಟು ಉಬ್ಬು ಏಳುತ್ತದೆ. ಹೆಬ್ಬೆರಳು ಅದನ್ನು ಮುಟ್ಟಿ ಹೌದು ಅಂದರೆ ಹೌದು.

ಹೋದ ವರ್ಷದ ಚಳಿಗಾಲದಲ್ಲಿ ಆ ಹೆಬ್ಬೆರಳು ಸುಳ್ಳು ಹೇಳಿತು. ಈ ಕಥೆಯನ್ನು ಅಕ್ಕ ಕೇಳದಿದ್ದರೂ ಹೇಳುತ್ತಾಳೆ, ಮುಚ್ಚಿಡುವ ಜಾಯಮಾನದವಳಲ್ಲ. ಬೆರಳು ಜೋಮು ಹಿಡಿಯುತ್ತದೆಂದು ಆಗ ಹೊಸದಾಗಿ ಉಣ್ಣೆ ತುಂಬಿದ ದಪ್ಪ ಕೈಗವಸು ಕೊಂಡಿದ್ದಳು. ಅಂಗಡಿಯಲ್ಲಿ ಎಲ್ಲರ ಹಾಗೆ ಕೈ ಚಾಚಿ, ಮುಷ್ಟಿ ಕಟ್ಟಿ, ಬೆಚ್ಚಗಿದೆ ಎಂದು ಹಾಕಿಕೊಂಡು ಬಂದವಳು. ಐದನೇ ಆಸ್ಪತ್ರೆಯಲ್ಲಿ ಅದನ್ನು ತೊಟ್ಟೇ ಚಿಲಕ ಒತ್ತಿದಳು. ಬೆರಳಿಗೆ ಉಬ್ಬು ತಾಕಿದ ಹಾಗಾಯಿತು. ತಾಕಿದ್ದು ಕೈಗವಸಿನದೇ ಒಳಹೊಲಿಗೆಯ ಗಂಟು. ಚಿಲಕ ಕಚ್ಚಿರಲಿಲ್ಲ. ಹಾಳು ರಸ್ತೆಯ ಹಳ್ಳಕೊಳ್ಳಗಳಲ್ಲಿ ಮುಚ್ಚಳ ಎದ್ದು, ಮಂಜುಗಡ್ಡೆಯ ಚೀಲ ಎಲ್ಲೋ ಹಾರಿ, ಆರನೇ ಆಸ್ಪತ್ರೆ ಸೇರುವ ಹೊತ್ತಿಗೆ ತಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಮೂವತ್ತೊಂದರಲ್ಲಿ ಇಪ್ಪತ್ತೆರಡು ಟ್ಯೂಬು ಚೆಲ್ಲಬೇಕಾಯಿತು.

ಅದರಲ್ಲೊಂದು ಆರು ದಿನದ ಕೂಸಿನದು. ಕಾಮಾಲೆ ಏರಿದೆಯೋ ಇಳಿದಿದೆಯೋ ನೋಡಲು ಹಿಮ್ಮಡಿಗೆ ಚುಚ್ಚಿ, ಹಿಂಡಿ ತೆಗೆದ ನಾಲ್ಕು ಹನಿ. ಫೋನು ಮಾಡಿ ಹೇಳಿದ್ದರೆ ಆಗುತ್ತಿತ್ತು. ಅಕ್ಕ ಬೈಕು ತಿರುಗಿಸಿ ತಾನೇ ಹೋದಳು. ಬಾಣಂತಿ ಬೈಯಲಿಲ್ಲ, ಅಳಲಿಲ್ಲ. ಮಗುವಿನ ಪುಟ್ಟ ಕಾಲುಚೀಲವನ್ನು ಮೇಲಕ್ಕೆಳೆದು ಹಿಮ್ಮಡಿ ಮುಚ್ಚಿದಳು.

"ಅವಳು ನಾಲ್ಕು ಮಾತು ಅಂದಿದ್ರೆ ತಡ್ಕೋತಿದ್ದೆ," ಎನ್ನುತ್ತಾಳೆ ಅಕ್ಕ. "ಆ ಕಾಲುಚೀಲ ಎಳೆದದ್ದನ್ನ ಮಾತ್ರ ತಡ್ಕೊಳ್ಳೋಕಾಗ್ಲಿಲ್ಲ. ಅಲ್ಲೇ ನಿಂತು ಅಂದೆ, ತಾಯೀ, ನನ್ನ ಕೈಯಿಂದ ಇನ್ನೊಂದು ಸಲ ಯಾರಿಗಾದ್ರೂ ಎರಡನೇ ಸೂಜಿ ಬಿದ್ರೆ, ಆವತ್ತೇ ಬೈಕಿನ ಕೀ ವಾಪಸ್ ಕೊಟ್ಟುಬಿಡ್ತೀನಿ ಅಂತ."

ಮಗುವಿಗೆ ಏನೂ ಆಗಲಿಲ್ಲ, ಮಾರನೆಯ ದಿನದ ಪರೀಕ್ಷೆಯಲ್ಲಿ ಕಾಮಾಲೆ ಇಳಿದಿತ್ತು. ಆದರೆ ಮಾತು ಮಾತೇ. ಉಣ್ಣೆಯ ಕೈಗವಸು ಅಟ್ಟ ಸೇರಿತು. ಹಳೆಯ ತೆಳು ಚರ್ಮದ ಜೊತೆಯೇ ಮತ್ತೆ ಕೈಗೆ ಬಂತು. ಅದೀಗ ತೋರುಬೆರಳಲ್ಲಿ ಬಾಯಿ ಬಿಟ್ಟಿದೆ, ಅಂಗೈಯಲ್ಲಿ ಆಚೆಯ ಬೆಳಕು ಕಾಣುವಷ್ಟು ಸವೆದಿದೆ. ಚಳಿ ಮತ್ತೆ ತಲೆಯೆತ್ತಿದೆ. ಹೋದ ಸೋಮವಾರ ನಾಲ್ಕನೇ ಆಸ್ಪತ್ರೆ ದಾಟಿದ ಮೇಲೆ ಕ್ಲಚ್ಚು ಹಿಡಿದದ್ದೇ ಗೊತ್ತಾಗದೆ, ರಸ್ತೆ ಬದಿಗೆ ನಿಂತು, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹತ್ತು ನಿಮಿಷ ಕುಣಿದಿದ್ದಾಳೆ.

ಮುಚ್ಚುವಾಗ ಕೈಗವಸು ಬಿಚ್ಚಿದರಾಯಿತಲ್ಲ ಎಂದು ಯಾರಾದರೂ ಅಂದರೆ ಅಕ್ಕ ತಲೆಯಲ್ಲಾಡಿಸುತ್ತಾಳೆ. "ಏಳು ಕಡೆ ಬಿಚ್ಚು, ಏಳು ಕಡೆ ಹಾಕು. ಬಿಚ್ಚಿದಾಗೆಲ್ಲ ಒಳಗಿನ ಬಿಸಿ ಹೋಯ್ತು. ನಾಲ್ಕನೇ ಕಡೆಗೆ ಬೆರಳು ನಂದಲ್ಲ. ಜೋಮು ಹಿಡಿದ ಬರಿಗೈಯೂ ಸುಳ್ಳು ಹೇಳುತ್ತೆ. ದಪ್ಪ ಗ್ಲೌಸಿಗಿಂತ ಜಾಸ್ತೀನೇ ಹೇಳುತ್ತೆ."

ಬೆಚ್ಚಗಿದ್ದರೆ ಚಿಲಕ ತಿಳಿಯದು, ಚಿಲಕ ತಿಳಿದರೆ ಚಳಿ ತಡೆಯದು. ಸರಿಯಾದ ಜೊತೆ ಸಿಗದಿದ್ದರೆ ಕೊರೆಯುವ ಚಳಿ ಬರುವ ಮೊದಲೇ ಕೀ ಕೊಟ್ಟುಬಿಡುವುದೆಂದು ಅಕ್ಕ ಒಳಗೊಳಗೇ ತೀರ್ಮಾನ ಮಾಡಿದ್ದಾಳೆ. ಮನೆಯಲ್ಲಿ ಅದು ಗೊತ್ತಿರುವುದು ಅತ್ತೆಗೆ ಮಾತ್ರ. ಮೂವತ್ತು ವರ್ಷ ಬಸ್ಸಿನ ಸೀಟಿಗೆ ಹೊದಿಕೆ ಹೊಲಿದ ಜೀವ ಅದು. ಸೊಸೆಯ ಬೆರಳುಗಳಿಗೆ ದಿನಾ ಎಣ್ಣೆ ತಿಕ್ಕುತ್ತಾ, "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕೈ ಮರಗಟ್ಟಿದ್ರೆ ಏನು ಅಂತ ಯಾವನೂ ಹೇಳಿ ಹೋಗಿಲ್ಲ ನೋಡು," ಎಂದು ಗೊಣಗುತ್ತಾರೆ. ಲಾರಿ ಓಡಿಸುವ ಗಂಡ ಮನೆಗೆ ಬರುವುದು ವಾರಕ್ಕೊಮ್ಮೆ. ಈ ಸಂಸಾರದ ಗುಟ್ಟೆಲ್ಲ ಅತ್ತೆ-ಸೊಸೆಯರ ನಡುವೆಯೇ.

ಭಾನುವಾರ ಬೆಳಿಗ್ಗೆ ಅಕ್ಕ ಬೈಕ್ ಸಾಮಾನಿನ ಅಂಗಡಿಗೆ ಬರುತ್ತಾಳೆ. ಕಂಕುಳಲ್ಲಿ ಬೈಕಿನಿಂದ ಬಿಚ್ಚಿದ ಡಬ್ಬಿ. ಹೆಲ್ಮೆಟ್ಟುಗಳ ಗೋಪುರದ ಹಿಂದಿನಿಂದ ಅಂಗಡಿಯವನು ಇಣುಕುತ್ತಾನೆ.

"ಏನಕ್ಕಾ, ಡಬ್ಬಿ ಸಮೇತ? ಊಟಕ್ಕೂ ಇಲ್ಲೇ ನಿಲ್ತೀರಾ?"

"ನೀನು ತೋರ್ಸೋ ಮಾಲಿನ ಮೇಲಿದೆ. ಗ್ಲೌಸು ತೆಗಿ. ಒಂದು ಸ್ಟೂಲೂ ಕೊಡು."

ಅವನು ಆರು ಜೊತೆ ಹರಡುತ್ತಾನೆ. ಬೆರಳ ಗಂಟಿನ ಮೇಲೆ ಗಟ್ಟಿ ಚಿಪ್ಪಿನದು, ಬಣ್ಣದ ಪಟ್ಟಿಯದು, ಉಣ್ಣೆಯದು. ಅಕ್ಕ ಕೈ ಚಾಚಿ ನೋಡುವುದಿಲ್ಲ, ಮುಷ್ಟಿ ಕಟ್ಟುವುದೂ ಇಲ್ಲ. ಆ ಪಾಠ ಹೋದ ವರ್ಷವೇ ಆಗಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಜೊತೆ ತೊಟ್ಟು, ಹ್ಯಾಂಡಲ್ ಹಿಡಿದು ಗೋಡೆಯ ಗಡಿಯಾರ ನೋಡುತ್ತಾ ಕೂರುತ್ತಾಳೆ. ಒಂದೊಂದಕ್ಕೆ ಹತ್ತು ನಿಮಿಷ. ಅಂಗಡಿಗೆ ಬಂದವರು ಇದ್ಯಾವ ವ್ರತ ಎಂದು ನೋಡಿ ಹೋಗುತ್ತಾರೆ.

"ಅಕ್ಕಾ, ಗಂಡನ್ನ ಆರಿಸೋಕೂ ನೀವು ಇಷ್ಟು ಹೊತ್ತು ತಗೊಂಡಿರಲ್ಲ."

"ಅದಕ್ಕೇ ಇದಕ್ಕೆ ತಗೋತಿರೋದು."

ಮೊದಲನೆಯದು ಅಂಗೈಯ ಹೊಲಿಗೆಗೆ ಸೋಲುತ್ತದೆ. ಐದನೇ ನಿಮಿಷಕ್ಕೆ ಹೆಬ್ಬೆರಳಿನ ಬುಡ ಒತ್ತುತ್ತದೆ. ಎರಡನೆಯದರಲ್ಲಿ ಬೆರಳುಗಳು ಉದ್ದ, ತುದಿ ಖಾಲಿ ಉಳಿದು ಮಡಚಿಕೊಂಡು ಕ್ಲಚ್ಚಿನ ಸಂದಿಗೆ ಸಿಕ್ಕುತ್ತದೆ. "ಗಂಡಸರ ಕೈ ಅಳತೆ ತಗೊಂಡು ಚಿಕ್ಕದು ಮಾಡಿದ್ರೆ ಹೆಂಗಸರ ಕೈ ಆಗಲ್ಲಪ್ಪ," ಎಂದು ಅದನ್ನು ಬದಿಗಿಡುತ್ತಾಳೆ. ಮೂರನೆಯದನ್ನು ಬೆವರಿದ ಕೈಯಿಂದ ಬಿಚ್ಚಿದಾಗ ಒಳಪದರವೂ ಕೈಯ ಜೊತೆಗೇ ಹೊರಗೆ ಬರುತ್ತದೆ. ನಾಲ್ಕನೆಯದರ ಮಣಿಕಟ್ಟಿನ ಪಟ್ಟಿ ಜಾಕೆಟ್ಟಿನ ತೋಳಿನ ಜೊತೆ ಜಗಳ ಕಾಯುತ್ತದೆ. ಐದನೆಯದು ತೆಳುವಾದದ್ದು. ಕಣ್ಣು ಮುಚ್ಚಿ ಚಿಲಕ ಒತ್ತಿದರೆ ಉಬ್ಬು ಸ್ಪಷ್ಟ, ಆದರೆ ಬಾಯಿ ಹತ್ತಿರ ಹಿಡಿದು ಉಫ್ ಎಂದರೆ ಉಸಿರು ಬೆರಳಿಗೇ ತಾಕುತ್ತದೆ. ಉಸಿರು ನುಗ್ಗಿದ ದಾರಿಯಲ್ಲಿ ಚಳಿ ನುಗ್ಗದೆ ಇರುತ್ತದೆಯೇ?

ಆರನೆಯದು ಹುಡುಗರಿಗೆಂದು ತರಿಸಿ ಮಾರಾಟವಾಗದೆ ಧೂಳು ಹಿಡಿದದ್ದು. ಬೆರಳುಗಳು ಮೊದಲೇ ಹಿಡಿಕೆಯ ಆಕಾರಕ್ಕೆ ಬಾಗಿವೆ. ಅಂಗೈಯಲ್ಲಿ ಹೊಲಿಗೆಯಿಲ್ಲ. ಹತ್ತು ನಿಮಿಷ ಕಳೆದರೂ ಕೈ ಏನನ್ನೂ ಬೇಡುವುದಿಲ್ಲ. ಅಕ್ಕ ಕಣ್ಣು ಮುಚ್ಚಿ ಚಿಲಕ ಒತ್ತುತ್ತಾಳೆ. ಮತ್ತೊಮ್ಮೆ ಒತ್ತುತ್ತಾಳೆ. ಹೆಬ್ಬೆರಳಿಗೆ ಹತ್ತಿಯಲ್ಲದೆ ಏನೂ ಸಿಗುವುದಿಲ್ಲ.

ಅದನ್ನು ಬಿಚ್ಚದೆ ಸ್ಟೂಲಿನ ಮೇಲೇ ಕೂತಿದ್ದಾಳೆ. ಅಂಗಡಿಯವನಿಗೂ ಈಗ ತಮಾಷೆ ಬರುತ್ತಿಲ್ಲ. "ಬೆಚ್ಚಗೂ ಇರ್ಬೇಕು, ಮುಟ್ಟಿದ್ದೂ ಗೊತ್ತಾಗ್ಬೇಕು ಅಂದ್ರೆ ಅದನ್ನ ದೇವರೇ ಹೊಲೀಬೇಕಕ್ಕಾ."

ಅಕ್ಕ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಐದರಲ್ಲಿ ನಾಲ್ಕು ಬೆರಳಿಗೆ ಇದರ ಮೇಲೆ ಯಾವ ದೂರೂ ಇಲ್ಲ.

"ದೇವರು ಯಾಕೆ, ನಮ್ಮತ್ತೆ ಸಾಕು. ಕತ್ತರಿ ಇದ್ಯಾ?"

"ಅಯ್ಯೋ, ಹೊಸ ಮಾಲು! ಕತ್ತರಿ ಆಡಿಸಿದ್ರೆ ವಾಪಸ್ ತಗೊಳ್ಳಲ್ಲ ಮತ್ತೆ."

"ವಾಪಸ್ ಕೊಟ್ರೆ ನಿಂಗೆ ಗ್ಲೌಸಲ್ಲ, ಲ್ಯಾಬಿಗೆ ಬೈಕಿನ ಕೀ ಕೊಡ್ತೀನಿ. ಕತ್ತರಿ ಕೊಡು."

ಎಡಗೈಯ ಕೈಗವಸಿನಲ್ಲಿ ಹೆಬ್ಬೆರಳಿನ ತುದಿಯನ್ನು ಉಗುರಿನ ಬುಡದಿಂದ ಅರ್ಧ ಸುತ್ತು ಕತ್ತರಿಸುತ್ತಾಳೆ, ಬೆನ್ನಿನ ಕಡೆ ಬಿಟ್ಟು. ತುದಿ ಟೊಪ್ಪಿಗೆಯ ಹಾಗೆ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಒಳಗಿನಿಂದ ಬರಿಯ ಹೆಬ್ಬೆರಳು ತಲೆ ಹಾಕುತ್ತದೆ. ಅಂಗಡಿಯವನು ಬಗ್ಗಿ ನೋಡಿ, "ಹೆಬ್ಬೆರಳಿಗೆ ಕಿಟಕಿ ಇಟ್ಟರಲ್ಲಾ!" ಎನ್ನುತ್ತಾನೆ.

ಮನೆಯಲ್ಲಿ ಅತ್ತೆಯ ತನಿಖೆ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಮೊದಲು ಡಬ್ಬಿಯನ್ನು ಮಡಿಲಿಗೆ ತರಿಸಿಕೊಂಡು, ಕಣ್ಣು ಮುಚ್ಚಿ, ತಾವೇ ಚಿಲಕ ಒತ್ತಿ ನೋಡುತ್ತಾರೆ. "ಓ, ಇದಕ್ಕಾ ನಿನ್ನ ನಿದ್ದೆ ಹೋದದ್ದು," ಎನ್ನುತ್ತಾರೆ. ಆಮೇಲೆ ಬಾಗಿದ ಸೂಜಿ ಹೊರಗೆ ಬರುತ್ತದೆ. ದಾರ ಪೋಣಿಸುವುದು ಸೊಸೆ, ಕಣ್ಣಿಗೆ ಸೊಸೆ, ಕೈಗೆ ಅತ್ತೆ. ಕಿಟಕಿಯ ಅಂಚಿಗೆ ಒಂದರ ಮೇಲೊಂದು ಬೀಳುವ ಚರ್ಮದ ತುಟಿ ಇಟ್ಟು ಗಾಳಿ ನುಗ್ಗದಂತೆ ಹೊಲಿಯುತ್ತಾರೆ. ಟೊಪ್ಪಿಗೆ ನಿಲ್ಲಿಸಲು ಇಟ್ಟ ಗುಂಡಿ ಹ್ಯಾಂಡಲಿಗೆ ಒತ್ತುತ್ತದೆ. ಬಿಚ್ಚುತ್ತಾರೆ. ಮಣಿಕಟ್ಟಿನ ಕಡೆಗೆ ಸರಿಸಿ ಒಂದು ಸಣ್ಣ ಕೊಕ್ಕೆ ಹಾಕುತ್ತಾರೆ. ಮೂರು ಸಲ ಬಿಚ್ಚಿ ಮೂರು ಸಲ ಹೊಲಿದದ್ದಾಯಿತು.

"ಬಸ್ಸಿನ ಸೀಟಿನ ಮೇಲೆ ಕೂತೋರು ಒಬ್ಬರೂ ತಿರುಗಿ ನೋಡಿ ಯಾರು ಹೊಲಿದದ್ದು ಅಂತ ಕೇಳ್ಲಿಲ್ಲ," ಎನ್ನುತ್ತಾರೆ ಅತ್ತೆ, ದಾರವನ್ನು ಹಲ್ಲಿನಿಂದ ಕಡಿಯುತ್ತಾ. "ಇದನ್ನ ಕೇಳಿದ್ರೆ ಹೇಳು."

ಶುಕ್ರವಾರ ಈ ವರ್ಷದ ಮೊದಲ ನಿಜವಾದ ಚಳಿ. ರಸ್ತೆಯ ಪಕ್ಕದ ಹುಲ್ಲೆಲ್ಲ ಬಿಳಿ. ನಾಲ್ಕು ಆಸ್ಪತ್ರೆಗಳಲ್ಲಿ ಟೊಪ್ಪಿಗೆ ಹಿಂದಕ್ಕೆ, ಹೆಬ್ಬೆರಳು ಒಳಕ್ಕೆ, "ಸಿಕ್ತು," ಟೊಪ್ಪಿಗೆ ಮುಂದಕ್ಕೆ. ನಾಲ್ಕು ಎಣಿಸುವಷ್ಟರಲ್ಲಿ ಮುಗಿಯುತ್ತದೆ. ಐದನೇ ಆಸ್ಪತ್ರೆಯ ಬೆಂಚಿನ ಅಂಚು ಹಿಡಿದು ಒಂದು ಮಗು ನಿಂತಿದೆ. ಎರಡು ಹೆಜ್ಜೆ ಹಾಕುತ್ತದೆ, ದೊಪ್ಪನೆ ಕೂರುತ್ತದೆ, ಯಾರಾದರೂ ನೋಡಿದರೇ ಎಂದು ತಿರುಗುತ್ತದೆ. ಪಕ್ಕದಲ್ಲಿರುವ ತಾಯಿಯನ್ನು ಅಕ್ಕ ನೋಡಿದ್ದೇ ಗುರುತು ಹಿಡಿಯುತ್ತಾಳೆ. ಹೋದ ವರ್ಷ ಕಾಲುಚೀಲ ಮೇಲಕ್ಕೆಳೆದವಳು. ವರ್ಷ ತುಂಬುವ ಮಗುವಿಗೆ ಮಾಮೂಲಿ ರಕ್ತ ಪರೀಕ್ಷೆ, ಅಷ್ಟೆ. ಅತ್ತು ಮುಗಿದಿದೆ, ತೋಳಿಗೆ ಹತ್ತಿ ಅಂಟಿದೆ.

ನರ್ಸಮ್ಮ ಕೂಗುತ್ತಾರೆ, "ಏಳು." ಅಕ್ಕ, "ಏಳು." ಏಳನೆಯದು ಆ ಮಗುವಿನದು. ಮುಚ್ಚಳ ಇಳಿಯುತ್ತದೆ, ಟೊಪ್ಪಿಗೆ ಮಗುಚುತ್ತದೆ, ಹೆಬ್ಬೆರಳು ಒತ್ತುತ್ತದೆ. ಬೆರಳು ಬೆಚ್ಚಗಿದೆ. ಉಬ್ಬು, ಕಡಲೆಕಾಳಿನಷ್ಟು, ಅಲ್ಲಿದೆ.

ತಾಯಿ ಮಗುವನ್ನೆತ್ತಿಕೊಂಡು ಹೊಸಿಲಿಗೆ ಬಂದು ನಿಂತಿದ್ದಾಳೆ.

"ಅದೇ ಡಬ್ಬೀನಾ?"

"ಅದೇ."

"ಸರಿಯಾಗಿ ಮುಚ್ಚಿದೆ ಅಲ್ವಾ?"

ಹ್ಞೂಂ ಎಂದು ಹೊರಟುಬಿಡಬಹುದು. ಆರನೇ ಆಸ್ಪತ್ರೆ ಕಾಯುತ್ತಿದೆ. ಅಕ್ಕ ಒತ್ತಿದ ಚಿಲಕವನ್ನು ಮತ್ತೆ ಬಿಡಿಸುತ್ತಾಳೆ. "ಬನ್ನಿ ಇಲ್ಲಿ," ಎಂದು ತಾಯಿಯ ಕೈ ಹಿಡಿದು, ಅವಳ ಹೆಬ್ಬೆರಳನ್ನು ರಬ್ಬರಿನ ಕೆಳಗೆ ಇಡುತ್ತಾಳೆ. "ಒತ್ತಿ. ಇನ್ನೂ ಸ್ವಲ್ಪ. ಕಣ್ಣಲ್ಲಿ ಹುಡುಕಬೇಡಿ."

ತಾಯಿಯ ಮುಖವೂ ಒಂದು ಗಳಿಗೆ ಬೇರೆಲ್ಲೋ ಹೋಗಿ ಬರುತ್ತದೆ.

"ಸಿಕ್ತು," ಎನ್ನುತ್ತಾಳೆ.

ಅಕ್ಕ ಟೊಪ್ಪಿಗೆ ಮುಂದಕ್ಕೆ ಮಗುಚಿ, ಕೊಕ್ಕೆ ಹಾಕಿ, ಕಿಕ್ಕು ಹೊಡೆಯುತ್ತಾಳೆ. ತಾಯಿಯ ಕಣ್ಣು ಆ ಹೆಬ್ಬೆರಳಿನ ಮೇಲಿದೆ.

"ಯಾರು ಹೊಲಿದದ್ದು ಅದು?"

"ನಮ್ಮತ್ತೆ," ಎನ್ನುತ್ತಾಳೆ ಅಕ್ಕ, ಎಂಜಿನ್ನಿನ ಸದ್ದಿಗೂ ಮೀರಿ. "ಕೇಳಿದ್ರಿ ಅಂತ ಹೇಳ್ತೀನಿ."